ಕೊರತೆಯನ್ನು ಹೇಳಿ, ಕೂಲಿಯನ್ನು ಕಡಿಯಬೇಡಿ



ಕಳೆದ ವರ್ಷ ಉಡುಪಿಯ ಒಂದು ಮಾರಾಟ ಮೇಳದಲ್ಲಿ ನಾನು ಮೂರು ದಿನ ಕುಳಿತು ಕೌದಿ ಮಾರಿದೆ. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಇಂಜಿನಿಯರ್ ಆಗಿ ರಸ್ತೆ, ಸೇತುವೆ, ಕಟ್ಟಡಗಳ ಬಿಲ್ಲಿಗೆ ಸಹಿ ಹಾಕಿದವನು ಮೇಜಿನ ಹಿಂದೆ ಕೌದಿ ಮಡಚುತ್ತಿರುವುದನ್ನು ಕಂಡು ಹಳೆಯ ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. ಆದರೆ ಆ ಮೂರು ದಿನ ನೋಡಿದ್ದನ್ನು ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ. ಬರೆದರೆ ನಮ್ಮವರಿಗೇ ಸ್ವಲ್ಪ ನೋವಾಗಬಹುದು. ಅದರಲ್ಲಿ ಮೊದಲ ಪಾಲು ನನ್ನದೇ.

ನಾನು ಬಾಗಲಕೋಟೆ ಸೀಮೆಯವನು. ನಿವೃತ್ತಿಯ ನಂತರ ಮಗಳ ಜೊತೆ ಮಣಿಪಾಲದಲ್ಲಿದ್ದೇನೆ. ಇಲ್ಲಿಯ ಕಟ್ಟಡಗಳನ್ನು ಯಾರು ಕಟ್ಟಿದರು ಎಂದು ಕೇಳಿದರೆ ಬಹಳ ಮಂದಿ ಮಾಲೀಕರ ಹೆಸರು ಹೇಳುತ್ತಾರೆ. ಕಲ್ಲು ಮಣ್ಣು ಹೊತ್ತವರಲ್ಲಿ ಬಹುಪಾಲು ಬಾಗಲಕೋಟೆ, ಗದಗ, ಕೊಪ್ಪಳದ ನಮ್ಮ ಜನ. ಮಳೆ ಕೈಕೊಟ್ಟ ವರ್ಷ ಘಟ್ಟ ಇಳಿದು ಬಂದವರು ಇಲ್ಲೇ ಶೆಡ್ಡುಗಳಲ್ಲಿ ಉಳಿದಿದ್ದಾರೆ. ಆ ಮನೆಗಳ ಹೆಣ್ಣುಮಕ್ಕಳಿಗೆ ಕೌದಿ ಹೊಲಿಯುವುದು ತಾಯಿಯಿಂದ ಬಂದ ವಿದ್ಯೆ. ನನ್ನ ಹೆಂಡತಿ ಅಂಥ ಹನ್ನೊಂದು ಮಂದಿಯನ್ನು ಸೇರಿಸಿದಳು. ಮಣಿಪಾಲದಲ್ಲಿ ಆರು ಜನ, ಕಾಪುವಿನಲ್ಲಿ ಮೂವರು, ಕಾರ್ಕಳದಲ್ಲಿ ಇಬ್ಬರು. ಹಳೆಯ ಸೀರೆ, ಪಂಚೆ, ಉಳಿದ ಅರಿವೆ ತುಂಡುಗಳನ್ನು ಒಗೆದು, ಜೋಡಿಸಿ, ಪದರ ಹಾಕಿ ಕೈಯಲ್ಲೇ ಹೊಲಿಯುತ್ತಾರೆ. ಲೆಕ್ಕ ಬರೆಯುವ ಕೆಲಸ ನನ್ನದು.

ಮೇಳದ ಎರಡನೆಯ ದಿನ ಒಬ್ಬರು ಬಂದು ಏಳಡಿ ಉದ್ದ, ಐದಡಿ ಅಗಲದ ಕೌದಿಯನ್ನು ಬಿಡಿಸಿ ನೋಡಿದರು. ಬಣ್ಣ ಹಿಡಿಸಿತು. ಆಮೇಲೆ ಒಂದು ಮೂಲೆಯ ಮೇಲೆ ಬೆರಳಿಟ್ಟು, "ಇಲ್ಲಿ ಲೈನ್ ಸೊಟ್ಟ ಉಂಟಲ್ಲ ಮಾರಾಯ್ರೆ, ಸಾವಿರದ ಐನೂರಕ್ಕಾದರೆ ಕೊಡಿ" ಎಂದರು. ನಾವು ಹೇಳಿದ್ದು 2,600 ರೂ. ಪಕ್ಕದಲ್ಲಿ ಅದನ್ನು ಹೊಲಿದಾಕೆಯೇ ಕುಳಿತಿದ್ದಳು. "ಹೊಲಿಗಿ ಸೊಟ್ಟ ಇದ್ರ ಥಂಡಿ ಒಳಗ ಬರತೈತೇನ್ರಿ ಅಣ್ಣಾರ?" ಎಂದು ಕೇಳಿದಳು. ಅವರು ನಕ್ಕು ಮುಂದೆ ಹೋದರು. ಆ ಪ್ರಶ್ನೆ ಮಾತ್ರ ನನ್ನ ಹತ್ತಿರ ಉಳಿಯಿತು. ಅದು ಅಪ್ಪಟ ಇಂಜಿನಿಯರಿಂಗ್ ಪ್ರಶ್ನೆ. ಅದನ್ನು ನಾನು ಕೇಳಬೇಕಿತ್ತು, ಕೇಳಿರಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಅಷ್ಟು ದೊಡ್ಡ ಕೌದಿಯಲ್ಲಿ ಒಂದೂವರೆ ಸೆಂಟಿಮೀಟರಿಗೊಂದು ಸಾಲು ಹಿಡಿದರೆ ನೂರು ಸಾಲು. ಪ್ರತಿ ಸಾಲಿಗೆ ಸುಮಾರು 175 ಹೊಲಿಗೆ. ಒಟ್ಟು 17,500 ಹೊಲಿಗೆ, ಇನ್ನೂರು ಮೀಟರಿಗೂ ಮೀರಿದ ಸಾಲು. ಅದರಲ್ಲಿ ನಲವತ್ತು ಹೊಲಿಗೆ ದಾರಿ ತಪ್ಪಿದರೆ ಸಾವಿರಕ್ಕೆ ಎರಡು ಮೂರು. ಅರಿವೆ ಒಗೆಯುವುದರಿಂದ ಅಂಚು ಮುಗಿಸುವವರೆಗೆ ನಮ್ಮ ಗುಂಪಿನಲ್ಲಿ ಬರೆದಿಟ್ಟ ಸಮಯ 60 ಗಂಟೆ. 2,600ರಲ್ಲಿ ದಾರ, ಅಡಿಬಟ್ಟೆ, ಸಾಗಣೆಗೆ 350 ಕಳೆದರೆ 2,250. ಎಂಟು ಗಂಟೆಯ ದಿನಕ್ಕೆ ಬಿದ್ದ ಕೂಲಿ 300 ರೂ. ಅವರು ಕೇಳಿದ 1,500ಕ್ಕೆ ಕೊಟ್ಟಿದ್ದರೆ ದಿನಗೂಲಿ 153 ರೂ. ಅಂದರೆ ನಲವತ್ತು ಸೊಟ್ಟ ಹೊಲಿಗೆಗೆ ವಿಧಿಸಿದ ದಂಡ ಅರ್ಧ ಕೂಲಿ. ನೆಟ್ಟಗಿದ್ದ ಉಳಿದ 17,460 ಹೊಲಿಗೆಗೆ ಯಾರೂ ಬಹುಮಾನ ಕೊಡಲಿಲ್ಲ.

ಆ ಗಿರಾಕಿಯನ್ನು ಬೈದು ಲೇಖನ ಮುಗಿಸಬಹುದಿತ್ತು. ಆದರೆ ಅವರಿಗಿಂತ ಮೊದಲೇ ಆ ಕೆಲಸ ಮಾಡಿದವನು ನಾನು. ಗುಂಪು ಶುರುವಾದ ಹೊಸದರಲ್ಲಿ "ಗುಣಮಟ್ಟ ಇರಬೇಕು" ಎಂದು ನಾನೇ ಒಂದು ಕೋಷ್ಟಕ ಮಾಡಿದೆ. ಸಾಲು ಐದು ಮಿಲಿಮೀಟರಿಗಿಂತ ಹೆಚ್ಚು ಓರೆಯಾದರೆ ಎರಡನೇ ದರ್ಜೆ. ಉಕ್ಕಿನ ಸ್ಕೇಲು ಹಿಡಿದು 22 ಕೌದಿ ಅಳೆದೆ. ಒಂಬತ್ತಕ್ಕೆ ಎರಡನೇ ದರ್ಜೆ ಎಂದು ಬರೆದು ತಲಾ 150 ರೂ. ಕಡಿದೆ. ಯಾರೂ ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಇಬ್ಬರು ಬರಲಿಲ್ಲ. ಅವರಲ್ಲಿ ಕಾಪುವಿನಾಕೆ ಹಗಲು ಗಾರೆ ಕೆಲಸ ಮಾಡಿ ರಾತ್ರಿ ಒಂದೇ ದೀಪದಡಿ ಹೊಲಿಯುತ್ತಿದ್ದಳೆಂದು ಆಮೇಲೆ ತಿಳಿಯಿತು. ಕಡಲ ಗಾಳಿಗೆ ಸೂಜಿಗೆ ತುಕ್ಕು, ಮಳೆಗಾಲದಲ್ಲಿ ಒದ್ದೆ ಹಿಡಿದ ಬಟ್ಟೆ ಬಿಗಿದು ಸೂಜಿ ಹೋಗದು. ನನ್ನ ಕೋಷ್ಟಕದಲ್ಲಿ ಇವಕ್ಕೆ ಕಾಲಂ ಇರಲಿಲ್ಲ.

ಹೆಂಡತಿ ಒಂದೇ ಮಾತು ಕೇಳಿದಳು: "ನೀವು ಕಟ್ಟಿಸಿದ ಸೇತುವೆಯ ಮೈಮೇಲೆ ಹಲಗೆಯ ಗೆರೆ ಮೂಡಿದ್ದಕ್ಕೆ ಎಷ್ಟು ಆಳಿನ ಕೂಲಿ ಕಡಿದಿದ್ದಿರಿ?" ಒಬ್ಬರದೂ ಇಲ್ಲ. ಕಡಿದಿದ್ದ 1,350 ರೂಪಾಯಿಯನ್ನು ಮರಳಿಸಿದೆವು. ಕೊಡಲು ಅವಳೇ ಹೋದಳು. ನನಗೆ ಮುಖ ತೋರಿಸಲು ನಾಚಿಕೆಯಾಯಿತು.

ಇಂಜಿನಿಯರಿಂಗ್‌ನ ಮೊದಲ ಪಾಠಗಳಲ್ಲಿ ಒಂದು, ತಪ್ಪೇ ಇಲ್ಲದ ವಸ್ತು ಇಲ್ಲ ಎಂಬುದು. ಆದ್ದರಿಂದಲೇ ಪ್ರತಿಯೊಂದು ಅಳತೆಗೂ ಒಂದು ಸಹ್ಯಮಿತಿ ಇರುತ್ತದೆ. ಕಾಂಕ್ರೀಟಿನ ಬಲ ನೋಡಲು 150 ಮಿಲಿಮೀಟರಿನ ಘನಗಳನ್ನು ಎರಕ ಹೊಯ್ದು 28 ದಿನಕ್ಕೆ ಒಡೆಯುತ್ತೇವೆ. ಮೂರು ಘನಗಳ ಸರಾಸರಿಗಿಂತ ಒಂದೊಂದು ಘನ ಶೇಕಡಾ 15ರವರೆಗೆ ಹೆಚ್ಚುಕಡಿಮೆ ಬರಬಹುದೆಂದು ಐಎಸ್ 456 ಸಂಹಿತೆಯೇ ಒಪ್ಪುತ್ತದೆ. ಒಂದೇ ಯಂತ್ರದಲ್ಲಿ ಕಲಸಿದ ಸಿಮೆಂಟಿಗೆ ನೂರಕ್ಕೆ ಹದಿನೈದರ ಕ್ಷಮೆ ಇದೆ. ಹಗಲೆಲ್ಲ ದುಡಿದು ಬಂದ ಕೈಗೆ ಸಾವಿರಕ್ಕೆ ಎರಡರ ಕ್ಷಮೆಯೂ ಇಲ್ಲವೆ?

ಎರಡನೆಯ ಪಾಠ, ಬಿರುಕುಗಳಲ್ಲಿ ಎರಡು ಬಗೆ. ಗಾರೆ ಒಣಗುವಾಗ ಮೇಲ್ಮೈಯಲ್ಲಿ ಬೀಳುವ ಕೂದಲೆಳೆಯ ಬಿರುಕು ಒಂದು. ತೊಲೆಯ ಭಾರ ತಡೆಯದೆ ಬೀಳುವ ಬಿರುಕು ಇನ್ನೊಂದು. ಮೊದಲನೆಯದನ್ನು ಬರೆದಿಡುತ್ತೇವೆ, ಎರಡನೆಯದನ್ನು ಕಂಡ ಕೂಡಲೇ ಕೆಲಸ ನಿಲ್ಲಿಸುತ್ತೇವೆ. ಎರಡನ್ನೂ ಒಂದೇ ಎಂದು ತಿಳಿದವನು ಇಂಜಿನಿಯರ್ ಅಲ್ಲ. ಕೌದಿಯಲ್ಲೂ ಹಾಗೆಯೇ. ಸಾಲು ಓರೆಯಾದದ್ದು, ಹಳೆ ಸೀರೆಯ ಬಣ್ಣ ಒಂದು ಕಡೆ ಮಾಸಿದ್ದು, ಒಂದು ತುಂಡು ಬೆರಳಗಲ ದೊಡ್ಡದಾದದ್ದು ಮೊದಲ ಬಗೆ. ಗಂಟು ಸಡಿಲವಾದದ್ದು, ಅಂಚು ಒಳಪದರ ಹಿಡಿಯದೆ ಬಿಟ್ಟದ್ದು, ಜೀರ್ಣವಾದ ಬಟ್ಟೆ ಸೇರಿಸಿದ್ದು, ತುಕ್ಕಿನ ಕಲೆ ಬಿದ್ದದ್ದು ಎರಡನೆಯ ಬಗೆ. ಎರಡನೆಯ ಬಗೆಯದು ಮಾರಾಟಕ್ಕೆ ಬರಲೇ ಕೂಡದು, ಬಿಚ್ಚಿ ಹೊಲಿಯಬೇಕು. ಮೊದಲ ಬಗೆಯದನ್ನು ಕೊಳ್ಳುವವರಿಗೆ ತೋರಿಸಿ, ಪೂರ್ತಿ ಬೆಲೆಗೆ ಮಾರಬೇಕು. ನನ್ನ ವಾದ ಇಷ್ಟೇ. ಇದಕ್ಕೆ ಅಡ್ಡ ಬರುವವರು ಮೂರು ಬಗೆಯವರು.

ಮೊದಲನೆಯವರು ಮೂಲೆ ಹಿಡಿದು ಬೆಲೆ ಇಳಿಸುವವರು. "ಕೈಗೆಲಸದಲ್ಲಿ ಯಂತ್ರದ ನಿಖರತೆ ಬರುವುದಿಲ್ಲ, ಅದಕ್ಕೇ ಬೆಲೆ ಕಡಿಮೆ" ಎಂಬುದು ಇವರ ತರ್ಕ. ನಿಖರತೆಯೇ ಮಾತಾದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗೋಣ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಊರುಗಳಲ್ಲಿ ಖಾದಿ ನೇಯ್ಗೆ, ಬೆಂಗೇರಿಯಲ್ಲಿ ಬಣ್ಣ ಮತ್ತು ಹೊಲಿಗೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಒಂಬತ್ತು ಅಳತೆಯ ಬಾವುಟಗಳು, ದೊಡ್ಡದು 21 ಅಡಿ ಉದ್ದ 14 ಅಡಿ ಅಗಲ. ನೂಲು, ಬಣ್ಣ, ಅಳತೆ, ಚಕ್ರ, ಹೊಲಿಗೆ ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೋದ ಕಟ್ಟಪ್ಪಣೆ ಇದೆ. ಅದನ್ನು ಇದೇ ನಮ್ಮ ಹೆಣ್ಣುಮಕ್ಕಳ ಕೈಗಳು ಪಾಲಿಸಿ ತೋರಿಸಿವೆ.

ಅದಕ್ಕೆ ಸಿಕ್ಕ ಬಹುಮಾನವೇನು? 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಬೆಂಗೇರಿಯ ಕೆಲಸಕ್ಕೆ ಹೊಡೆತ ಬಿತ್ತು. 2022ರ ಅಮೃತ ಮಹೋತ್ಸವಕ್ಕೆ ಮನೆಮನೆಗೆ ಹಂಚಲು ಬಂದ ಅಗ್ಗದ ಬಾವುಟಗಳಲ್ಲಿ ಚಕ್ರ ನಡುವೆ ಇಲ್ಲದವು, ಅಳತೆ ತಪ್ಪಿದವು ಇದ್ದವೆಂದು ಪತ್ರಿಕೆಗಳು ಬರೆದವು. ಯಂತ್ರದ ತಪ್ಪನ್ನು ಅಗ್ಗದ ಹೆಸರಿನಲ್ಲಿ ನುಂಗಿಕೊಂಡೆವು. ನಿಖರವಾಗಿ ಹೊಲಿದ ಕೈ ಕೆಲಸವಿಲ್ಲದೆ ಕುಳಿತಿತು. ಹಾಗಾದರೆ ನಮಗೆ ಬೇಕಾಗಿದ್ದುದು ನಿಖರತೆಯೇ? ಅಲ್ಲ. ಅಗ್ಗ ಬೇಕಿತ್ತು. ಸೊಟ್ಟ ಹೊಲಿಗೆ ನೆಪ ಮಾತ್ರ.

ಎರಡನೆಯವರು ಇದಕ್ಕೆ ಪೂರಾ ಉಲ್ಟಾ. ಇವರು ಸೊಟ್ಟ ಹೊಲಿಗೆಯನ್ನೇ ಹೊಗಳುವವರು. ಮೇಳದಲ್ಲಿ ಒಬ್ಬ ಅಂಗಡಿಯವರು ನಮ್ಮ ಕೌದಿ ಸಗಟಿನಲ್ಲಿ ಕೇಳಿದರು. "ಊನವೇ ಸೌಂದರ್ಯ, ಜಪಾನಿನಲ್ಲಿ ಇದಕ್ಕೆ ವಾಬಿ-ಸಾಬಿ ಎನ್ನುತ್ತಾರೆ, ಇನ್ನೂ ಸ್ವಲ್ಪ ಸೊಟ್ಟ ಮಾಡಿಸಿ" ಎಂದರು. ಅವರು ಮಾರುವ ಬೆಲೆ ಎಂಟು ಸಾವಿರ, ನಮಗೆ ಕೊಡುವುದು ಸಾವಿರದ ಇನ್ನೂರು! ಜಪಾನಿನವರ ಆ ಮಾತಿಗೆ ಅವರದೇ ಆದ ಆಳವಿದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಬೇಕೆಂದೇ ಸೊಟ್ಟ ಹೊಲಿಯಿರಿ ಎಂದಾಗ ನಮ್ಮ ಹೆಣ್ಣುಮಕ್ಕಳು ಮುಖ ಮುಖ ನೋಡಿಕೊಂಡರು. ನೆಟ್ಟಗೆ ಹೊಲಿಯಬೇಕೆಂದು ಹೊರಟು ಎಲ್ಲೋ ಒಂದು ಕಡೆ ತಪ್ಪುವುದು ಬೇರೆ, ತಪ್ಪನ್ನು ನಟಿಸುವುದು ಬೇರೆ. ಮೊದಲನೆಯದು ಮನುಷ್ಯ ಮಿತಿ, ಎರಡನೆಯದು ಸುಳ್ಳು. ಇಂಥವರ ಬಾಯಲ್ಲಿ ಒಂದು ಅಪಾಯವೂ ಇದೆ. ಗಂಟು ಬಿಟ್ಟ ಅಂಚನ್ನೂ "ಕೈಗೆಲಸದ ಸೊಗಸು" ಎಂದು ದಾಟಿಸಿಬಿಡುತ್ತಾರೆ. ಮೂರು ತಿಂಗಳಿಗೆ ಕೌದಿ ಬಿಚ್ಚಿಹೋದಾಗ ಕೆಟ್ಟ ಹೆಸರು ಬರುವುದು ಅಂಗಡಿಗಲ್ಲ, ಹೊಲಿದವಳಿಗೆ.

ಮೂರನೆಯವರು ಕನಿಕರದವರು. "ಪಾಪ, ಬಡ ಹೆಂಗಸರು" ಎಂದು ಕೌದಿಯನ್ನು ಬಿಡಿಸಿಯೂ ನೋಡದೆ ದುಡ್ಡು ಕೊಡುತ್ತಾರೆ. ಒಬ್ಬ ಹಿರಿಯರು 500 ರೂ. ಹೆಚ್ಚಿಗೆ ಇಟ್ಟು, ಕೌದಿಯನ್ನು ಅಲ್ಲೇ ಬಿಟ್ಟು ಹೊರಟರು. ಮನಸ್ಸು ದೊಡ್ಡದೇ. ಆದರೆ ಹೊಲಿದವಳ ಮುಖ ಸಣ್ಣದಾಯಿತು. ಅವಳು ಅಂಗಡಿ ಇಟ್ಟಿದ್ದಳು, ಜೋಳಿಗೆ ಹಿಡಿದಿರಲಿಲ್ಲ.

ನುಲಿಯ ಚಂದಯ್ಯ ಶರಣರ ಕಥೆ ನಮ್ಮ ಮಠಗಳಲ್ಲಿ ಕೇಳದವರಿಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕ. ಲಿಂಗವೇ ಹಗ್ಗ ಮಾರಿ ಬಂದು, ಬಸವಣ್ಣನವರು ಕೊಟ್ಟ ಹೊನ್ನನ್ನು ಮುಂದಿಟ್ಟಾಗ, ಅದು ಹಗ್ಗದ ಬೆಲೆಗಿಂತ ಹೆಚ್ಚು ಎಂದು ಚಂದಯ್ಯ ಒಪ್ಪಲಿಲ್ಲ. ಕೊಟ್ಟವರು ಬಸವಣ್ಣ, ತಂದದ್ದು ಲಿಂಗ, ಆದರೂ ಬೇಡ. ಈ ಕಥೆಯನ್ನು ನಾವು ನಿರಾಸೆಯ, ಸರಳತೆಯ ಪಾಠವಾಗಿ ಹೇಳುತ್ತೇವೆ. ನನಗೆ ಅದು ಬೆಲೆಯ ಪಾಠವಾಗಿಯೂ ಕೇಳಿಸುತ್ತದೆ. ಹಗ್ಗಕ್ಕೊಂದು ಬೆಲೆ ಇದೆ. ಅದಕ್ಕಿಂತ ಹೆಚ್ಚು ಬೇಡ ಎನ್ನುವ ಅಧಿಕಾರ ಇರುವವನಿಗೆ, ಅದಕ್ಕಿಂತ ಕಡಿಮೆಯೂ ಬೇಡ ಎನ್ನುವ ಅಧಿಕಾರ ಇದ್ದೇ ಇದೆ. ಹೆಚ್ಚು ಬೇಡ ಎಂದದ್ದನ್ನು ಮಾತ್ರ ನೆನಪಿಟ್ಟುಕೊಂಡು, ಕಡಿಮೆ ಕೊಡುವ ಅನುಕೂಲವನ್ನು ನಾವು ಇಟ್ಟುಕೊಂಡಿದ್ದೇವೆ.

ಇನ್ನು ನಮ್ಮ ಮನೆಯೊಳಗಿನ ಮಾತು. ಒಂದು ಮಠದ ಸಮಾರಂಭಕ್ಕೆ, ಹೆಸರು ಬೇಡ, ನಮ್ಮ ಗುಂಪಿಗೆ 200 ಬಟ್ಟೆಚೀಲಗಳ ಬೇಡಿಕೆ ಬಂತು. ಹೆಣ್ಣುಮಕ್ಕಳು ಹಬ್ಬದಂತೆ ಹೊಲಿದರು. ಮಠದ ಕೆಲಸವೆಂದು ಅಂಚಿಗೆ ಎರಡೆರಡು ಸಲ ಹೊಲಿಗೆ ಹಾಕಿದರು. ಒಪ್ಪಿಸಿದ ದಿನ ಸಮಿತಿಯ ಒಬ್ಬರು ಕೆಲವು ಚೀಲಗಳ ಹಿಡಿ ಅರ್ಧ ಇಂಚು ಉದ್ದ ಗಿಡ್ಡ ಇದೆ ಎಂದು ಎಲ್ಲಾ 200 ಚೀಲಕ್ಕೂ ತಲಾ ಹತ್ತು ರೂಪಾಯಿ ಕಡಿದರು. ಎರಡು ಸಾವಿರ ರೂಪಾಯಿ. ಅದೇ ವೇದಿಕೆಯಲ್ಲಿ ಗಣ್ಯರಿಗೆ ಹೊದಿಸಿದ ಶಾಲುಗಳು ಕಾರ್ಖಾನೆಯವು. ಅವುಗಳ ಅಂಚಿನ ದಾರ ಅಲ್ಲೇ ಎದ್ದಿತ್ತು. ಅಂಗಡಿಯವರ ರಸೀದಿಗೆ ಯಾರೂ ಚೌಕಾಸಿ ಮಾಡಿರಲಿಲ್ಲ. ವೇದಿಕೆಯ ಹಿಂದಿನ ಬಟ್ಟೆಯ ಮೇಲೆ ಕಾಯಕದ ಘೋಷಣೆ ದೊಡ್ಡ ಅಕ್ಷರದಲ್ಲಿತ್ತು. ಪೂಜ್ಯರಿಗೆ ಈ ವಿಷಯ ಗೊತ್ತೇ ಇರಲಿಲ್ಲ ಎಂದು ನಂಬಿದ್ದೇನೆ. ಗೊತ್ತಾಗಬೇಕೆಂದೇ ಬರೆಯುತ್ತಿದ್ದೇನೆ.

ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಸೂಜಿ ಅವರ ಹೆಸರಿನ ಮುಂದೆಯೇ ನಿಂತಿದೆ, ಮಡಿವಾಳ ಮಾಚಯ್ಯನವರ ಹೆಸರಿನ ಮುಂದೆ ಮಡಿವಾಳ ನಿಂತ ಹಾಗೆ. ಕಾಯಕವನ್ನು ಹೆಸರಿಗೆ ಅಂಟಿಸಿಕೊಂಡು ತಲೆಯೆತ್ತಿ ನಿಂತ ಪರಂಪರೆ ನಮ್ಮದು. ಇವತ್ತು ನಾವು ಸೂಜಿಯ ಹೆಸರಿಗೆ ಕೈ ಮುಗಿಯುತ್ತೇವೆ, ಸೂಜಿ ಹಿಡಿದವಳ ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿಯುತ್ತೇವೆ.

"ಹೀಗೆ ಬೆಲೆ ಇಳಿಸದಿದ್ದರೆ ಮಾರಾಟವೇ ಆಗುವುದಿಲ್ಲ" ಎನ್ನುವ ಲೋಕಾನುಭವಿಗಳು ಇದ್ದಾರೆ. ಅವರಿಗೆ ಇದೇ ಕರಾವಳಿಯ ಇನ್ನೊಂದು ಕೈಗೆಲಸ ತೋರಿಸುತ್ತೇನೆ. ಹೊಲಿಗೆಯಲ್ಲ, ನೇಯ್ಗೆ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಹೊತ್ತಿಗೆ ನೇಯುವವರು ವಯಸ್ಸಾದ ಕೆಲವೇ ಮಂದಿ. ಕೂಲಿ ಸಾಲದೆ ಮಕ್ಕಳು ಮಗ್ಗದ ಹತ್ತಿರ ಬರುತ್ತಿರಲಿಲ್ಲ. ಬರಿ ಮಾನ್ಯತೆಯ ಪತ್ರದಿಂದ ಮಗ್ಗ ಓಡಲಿಲ್ಲ. ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಂದಿಗೆ ಕೈಜೋಡಿಸಿ, ನೇಕಾರರ ಶ್ರಮ ಏನೆಂದು ಕೊಳ್ಳುವವರಿಗೆ ತಿಳಿಸಿ ಹೇಳಿದ ಮೇಲೆ ನಿಂತಿದ್ದ ಮಗ್ಗಗಳಿಗೆ ಮತ್ತೆ ಜೀವ ಬಂತು. ಕೈಮಗ್ಗದ ಸೀರೆಯಲ್ಲಿ ಒಂದು ಎಳೆ ದಪ್ಪ, ಒಂದು ಎಳೆ ತೆಳು ಇದ್ದೇ ಇರುತ್ತದೆ. ತಿಳಿದು ಕೊಳ್ಳುವವರು ಕೊಳ್ಳುತ್ತಾರೆ. ತಿಳಿಸುವ ಕೆಲಸ ಮಾರುವವರದು.

ನಾವೂ ಅದನ್ನೇ ಮಾಡತೊಡಗಿದೆವು. ಈಗ ಪ್ರತಿ ಕೌದಿಯ ಜೊತೆ ಒಂದು ಚೀಟಿ ಇರುತ್ತದೆ. ಒಂದರಲ್ಲಿ ಹೀಗಿತ್ತು: "ಬಲ ಮೂಲೆಯಲ್ಲಿ ನಾಲ್ಕು ಸಾಲು ಓರೆಯಾಗಿದೆ. ನೀಲಿ ತುಂಡು ಹಳೆಯ ಸೀರೆಯದು, ಒಂದು ಕಡೆ ಬಣ್ಣ ಮಾಸಿದೆ. ಬಾಳಿಕೆಗೆ ತೊಂದರೆ ಇಲ್ಲ. ಹೊಲಿದ ಸಮಯ 58 ಗಂಟೆ. ಒಂದು ವರ್ಷದೊಳಗೆ ಹೊಲಿಗೆ ಬಿಟ್ಟರೆ ನಾವೇ ಹೊಲಿದು ಕೊಡುತ್ತೇವೆ." ಸರ್ಕಾರಿ ಕಾಮಗಾರಿಯಲ್ಲಿ ಗುತ್ತಿಗೆದಾರರಿಗೆ ದೋಷ ಹೊಣೆಗಾರಿಕೆಯ ಅವಧಿ ಇರುತ್ತದಲ್ಲ, ಅದೇ ಇದು. ಚೀಟಿ ಬರೆಯುವುದು ಹೊಲಿದಾಕೆಯೇ. ಓದು ಬರದವರು ಹೇಳುತ್ತಾರೆ, ನಾನು ಬರೆಯುತ್ತೇನೆ. ನಾನು ಸ್ಕೇಲು ಹಿಡಿದಾಗ ತಪ್ಪು ಮುಚ್ಚಿಡುತ್ತಿದ್ದವರು ಈಗ ತಾವಾಗಿಯೇ ತೋರಿಸುತ್ತಾರೆ. ತೋರಿಸಿದರೆ ಕೂಲಿ ಹೋಗುವುದಿಲ್ಲ ಎಂದು ಗೊತ್ತಾಗಿದೆ. ಗುಣಮಟ್ಟ ಹೆಚ್ಚಿದ್ದು ದಂಡದಿಂದಲ್ಲ, ಇದರಿಂದ.

ಚೀಟಿ ಹಚ್ಚಿದ ಮೇಲೆ ಕಾರ್ಕಳದಲ್ಲಿ ಹನ್ನೊಂದು ಕೌದಿ ಇಟ್ಟೆವು. ಒಂದು ರೂಪಾಯಿ ಇಳಿಸಲಿಲ್ಲ. ಏಳು ಹೋದವು, ನಾಲ್ಕು ಹಿಂದೆ ಬಂದವು. ಪವಾಡವೇನೂ ನಡೆಯಲಿಲ್ಲ. ಮುಂದೆ ಆ ಏಳರಲ್ಲಿ ಒಂದು ಅಂಚು ಬಿಟ್ಟು ಮರಳಿ ಬಂತು. ಹೊಲಿದು ಕೊಟ್ಟೆವು. ಕೊಂಡವರು ಇನ್ನೊಂದು ಒಯ್ದರು. ಬಿಟ್ಟುಹೋಗಿದ್ದ ಇಬ್ಬರಲ್ಲಿ ಕಾಪುವಿನಾಕೆ ತಿರುಗಿ ಬಂದಿದ್ದಾಳೆ. ಇನ್ನೊಬ್ಬಳು ಗಾರೆ ಕೆಲಸದಲ್ಲೇ ಇದ್ದಾಳೆ. ಅವಳ ಕೈಯ ಹೊಲಿಗೆ ಎಲ್ಲರಿಗಿಂತ ಬಿಗಿಯಾಗಿತ್ತು. ನನ್ನ ಐದು ಮಿಲಿಮೀಟರ್ ಅದನ್ನು ಕಾಣಲಿಲ್ಲ.

ಮಠಗಳ ಪೂಜ್ಯರಲ್ಲಿ, ಸಮಿತಿಗಳ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು. ಸಮಾರಂಭದ ಚೀಲ, ವಿದ್ಯಾರ್ಥಿ ನಿಲಯದ ಹೊದಿಕೆ, ಸನ್ಮಾನದ ಶಾಲು, ಇವುಗಳಲ್ಲಿ ಆಗುವಷ್ಟನ್ನು ಕೈಯಿಂದ ಹೊಲಿದವರಿಂದ ಕೊಳ್ಳಿ. ಕೊಳ್ಳುವ ಮೊದಲೇ ಕೂಲಿಯ ಲೆಕ್ಕ ಹಾಕಿ ಬೆಲೆ ಒಪ್ಪಿಕೊಳ್ಳಿ. ಬಾಳಿಕೆಗೆ ಕೇಡು ತರುವ ದೋಷ ಇದ್ದರೆ ಮುಲಾಜಿಲ್ಲದೆ ಮರಳಿಸಿ, ತಿದ್ದಿಸಿ. ಹಾಗಲ್ಲದ ಕೊರತೆಗೆ ಒಂದು ಪೈಸೆಯನ್ನೂ ಹಿಡಿಯಬೇಡಿ. ಹೊಲಿಯುವ ಅಕ್ಕತಂಗಿಯರಲ್ಲೂ ಒಂದು ಮಾತು. ತಪ್ಪನ್ನು ಮಡಿಕೆಯ ಒಳಗೆ ಮುಚ್ಚಬೇಡಿ, ಮೇಲೆ ಇಟ್ಟು ತೋರಿಸಿ. ಸತ್ಯಶುದ್ಧ ಕಾಯಕ ಎಂದರೆ ತಪ್ಪಿಲ್ಲದ ಕಾಯಕ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ತಪ್ಪನ್ನು ಮುಚ್ಚದ ಕಾಯಕ ಎಂದು ಈಗ ತಿಳಿಯುತ್ತಿದೆ. ಹಾಗೆ ತೋರಿಸಿದವಳಿಗೆ ದಂಡ ಹಾಕುವ ಸಮಾಜ ಸುಳ್ಳನ್ನು ಕಲಿಸುತ್ತದೆ.

ಆ 200 ಚೀಲಗಳ ಎರಡು ಸಾವಿರ ರೂಪಾಯಿ ಇನ್ನೂ ಬಂದಿಲ್ಲ. ಕಡಿದವರು ಈ ಪತ್ರಿಕೆ ಓದುತ್ತಾರೆಂದು ಬಲ್ಲೆ. ಅದು ನನ್ನದಲ್ಲ, ಹನ್ನೊಂದು ಹೆಣ್ಣುಮಕ್ಕಳದು. ನಾನು ನನ್ನ 1,350 ಮರಳಿಸಿದೆ. ಅವರೂ ಮರಳಿಸಬಹುದು.